ಕೋರ್ಟು ಯಾಕೆ, ಕುಂತು ಮಾತಾಡಾನ

'ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ' ಅನ್ನೋ ಗಾದೆ ಕೇಳದ ಕನ್ನಡಿಗರು ಕಡಿಮೆ. ನಮ್ಮ ದಾವಣಗೆರೆ ಸೀಮೆಯಲ್ಲಿ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತೆ: 'ಕೋರ್ಟು ಯಾಕ್ರೀ, ಕುಂತು ಮಾತಾಡಾನ ಬರ್ರಿ.' ಬದುವಿನ ಜಗಳ ಇರಲಿ, ಅಣ್ಣತಮ್ಮಂದಿರ ಪಾಲು ಇರಲಿ, ಗಂಡ ಹೆಂಡಿರ ಮುನಿಸು ಇರಲಿ, ಮೊದಲು ಹಿರಿಯರು, ಆಮೇಲೆ ವಕೀಲರು. ಈ ಮಾತು ನಮಗೆ ಎಷ್ಟು ಸಹಜ ಅಂದ್ರೆ, ಇದಕ್ಕೂ ಒಂದು ಇತಿಹಾಸ ಇರಬಹುದು ಅಂತ ಹೊಳೆಯೋದೇ ಇಲ್ಲ. ನನಗೆ ಹೊಳೆದದ್ದು ಚೀನಾದ ಬಗ್ಗೆ ಓದುವಾಗ. ಎರಡೂವರೆ ಸಾವಿರ ವರ್ಷದಿಂದ ಇದೇ ಮಾತನ್ನು ಒಂದು ಇಡೀ ನಾಗರಿಕತೆ ಹೇಳ್ತಾ ಬಂದಿದೆ. ಅದನ್ನು ತತ್ವ ಮಾಡಿದೆ, ಕಾನೂನು ಮಾಡಿದೆ, ಅದರ ಲಾಭ ನಷ್ಟ ಎರಡನ್ನೂ ಅನುಭವಿಸಿದೆ. ಅಲ್ಲಿನ ಲೆಕ್ಕ ನೋಡಿದರೆ ನಮ್ಮ ಲೆಕ್ಕವೂ ಸ್ವಲ್ಪ ಸ್ಪಷ್ಟವಾಗುತ್ತೆ.

ಮೊದಲು ನಮ್ಮ ಕಡೆ ನೋಡೋಣ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇವತ್ತು ಒಂದೇ ಜಿಲ್ಲೆ, ಆದರೆ ಒಂದೇ ಮಣ್ಣಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಚನ್ನಗಿರಿ ಕಡೆ ಭದ್ರಾ ನಾಲೆ, ಸೂಳೆಕೆರೆ, ಅಡಿಕೆ ತೋಟ. ಜಗಳೂರಿನ ಕಡೆ ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಆಕಾಶ ನೋಡೋದು. ಹಾಗಾಗಿ ಜಗಳಗಳೂ ಬೇರೆ ಬೇರೆ. ಒಂದು ಕಡೆ ತೋಟಕ್ಕೆ ದಾರಿ ಬಿಡೋದು, ನಾಲೆ ನೀರಿನ ಸರದಿ. ಇನ್ನೊಂದು ಕಡೆ ಪಕ್ಕದವನ ಬೋರು ನಮ್ಮ ಬೋರನ್ನು ಒಣಗಿಸಿತು ಅನ್ನೋ ದೂರು. ಪಾಲಿನ ತಕರಾರು ಮಾತ್ರ ನಾಲ್ಕೂ ಕಡೆ ಒಂದೇ.

ಈ ಜಗಳಗಳಲ್ಲಿ ಎಷ್ಟೋ ಸಿರಿಗೆರೆಗೆ ಹೋಗುತ್ತವೆ. ದಾವಣಗೆರೆಗೂ ಚಿತ್ರದುರ್ಗಕ್ಕೂ ನಡುವೆ ಇರುವ ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಪ್ರತಿ ಸೋಮವಾರ ಸದ್ಧರ್ಮ ನ್ಯಾಯಪೀಠ ನಡೆಯುತ್ತೆ. ಅರ್ಜಿ ಕೊಡಬೇಕು, ಎದುರು ಪಕ್ಷಕ್ಕೆ ತಿಳಿವಳಿಕೆ ಹೋಗುತ್ತೆ, ಇಬ್ಬರೂ ಬಂದು ಕೂರಬೇಕು, ದಾಖಲೆ ತೋರಿಸಬೇಕು. ಸ್ವಾಮೀಜಿ ಕೇಳಿ ತೀರ್ಮಾನ ಹೇಳ್ತಾರೆ. ದಶಕಗಳಿಂದ ನಡೆದು ಬಂದದ್ದು. ಬರುವವರು ಮಠದ ಶಿಷ್ಯರಷ್ಟೇ ಅಲ್ಲ, ಬೇರೆ ಜಾತಿ, ಬೇರೆ ಮತದವರೂ ಇರ್ತಾರೆ. ಈ ಪೀಠದ ಹಿಂದೆ ಪೊಲೀಸರಿಲ್ಲ, ಅಮೀನರಿಲ್ಲ, ಜೈಲಿಲ್ಲ. ಇರೋದು ಒಪ್ಪಿಗೆ, ಗೌರವ, ಮತ್ತೆ ಊರ ಮುಂದೆ ಮಾತು ಮುರಿದವನು ಅನ್ನಿಸಿಕೊಳ್ಳುವ ಭಯ.

ಇದು ಸಿರಿಗೆರೆಯೊಂದರದ್ದೇ ವಿಶೇಷ ಅಲ್ಲ. ಕರಾವಳಿಯಲ್ಲಿ ಧರ್ಮಸ್ಥಳದ ಹೆಗ್ಗಡೆಯವರ ಮುಂದೆ ದೂರು ಒಯ್ಯುವ ರೂಢಿ ಇದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರವರಿಯಲ್ಲಿ ಅಲ್ಲಿಗೆ ಹೊರ ರಾಜ್ಯಗಳಿಂದಲೂ ಜನ ಬರ್ತಾರೆ. ಆ ಸಮುದಾಯದ ತಾಂಡಾಗಳಲ್ಲಿ ನಾಯಕ, ಡಾವ್, ಕಾರಭಾರಿ ಅಂತ ಮೂವರು ಹಿರಿಯರು. ತಾಂಡಾದ ಜಗಳ ಮೊದಲು ಅವರ ಮುಂದೆ. ಜಾತಿ, ಭಾಷೆ, ದೇವರು ಬೇರೆ ಬೇರೆ ಇದ್ದರೂ ನಂಬಿಕೆ ಒಂದೇ: ಜಗಳ ಅಂದರೆ ಸಂಬಂಧಕ್ಕೆ ಆದ ಗಾಯ, ಅದನ್ನು ಸಂಬಂಧದೊಳಗೇ ವಾಸಿ ಮಾಡಬೇಕು.

ಕನ್ಫ್ಯೂಷಿಯಸ್ ಸಿಗೋದು ಇಲ್ಲಿ. ಕ್ರಿ.ಪೂ. 551ರಿಂದ 479ರವರೆಗೆ ಬದುಕಿದ ಈ ಮೇಷ್ಟ್ರನ್ನು ನಾವು ವಾಟ್ಸಾಪ್ ಸುಭಾಷಿತಗಳಿಂದ ಬಲ್ಲೆವು. ಆದರೆ ಸಂಪ್ರದಾಯದ ಪ್ರಕಾರ ಅವನು ಕೆಲಕಾಲ ಲು ರಾಜ್ಯದಲ್ಲಿ ಅಪರಾಧಗಳ ವಿಚಾರಣೆಯ ಮಂತ್ರಿಯಾಗಿದ್ದ. ಮೊಕದ್ದಮೆ ಕೇಳೋದರಲ್ಲಿ ನಾನೇನೂ ಬೇರೆಯವರಿಗಿಂತ ಮೇಲಲ್ಲ, ಮೊಕದ್ದಮೆಯೇ ಹುಟ್ಟದ ಹಾಗೆ ಮಾಡೋದು ಮುಖ್ಯ ಅನ್ನೋದು ಅವನ ನಿಲುವು.

ಆ ನಿಲುವಿಗೆ ಒಂದು ಕಥೆಯೂ ಇದೆ. ಅವನಿಗಿಂತ ಎಷ್ಟೋ ಕಾಲ ಆಮೇಲೆ ಬಂದ ಷುನ್‌ಜಿ ಎಂಬ ಚಿಂತಕನ ಹೆಸರಿನ ಗ್ರಂಥದಲ್ಲಿ ಬರುತ್ತೆ. ಒಬ್ಬ ಅಪ್ಪ, ಒಬ್ಬ ಮಗ ಒಬ್ಬರ ಮೇಲೊಬ್ಬರು ದೂರು ತಂದರು. ಕನ್ಫ್ಯೂಷಿಯಸ್ ವಿಚಾರಣೆಯನ್ನೇ ಮಾಡಲಿಲ್ಲ, ಇಬ್ಬರನ್ನೂ ಒಳಗೆ ಹಾಕಿಸಿದ. ಮೂರು ತಿಂಗಳಾದ ಮೇಲೆ ಅಪ್ಪನೇ ದೂರು ಬೇಡ ಅಂದ, ಇಬ್ಬರನ್ನೂ ಬಿಟ್ಟುಬಿಟ್ಟ. ರಾಜ್ಯದ ದೊಡ್ಡ ಮನೆತನದ ಯಜಮಾನನಿಗೆ ಸಿಟ್ಟು ಬಂತು. ಅಪ್ಪನಿಗೆ ಎದುರು ನಿಂತ ಮಗನನ್ನು ಕೊಲ್ಲಿಸಿದ್ದರೆ ಊರಿಗೆಲ್ಲ ಪಾಠ ಆಗ್ತಿತ್ತಲ್ಲ ಅಂತ. ಕನ್ಫ್ಯೂಷಿಯಸ್ ಕೊಟ್ಟ ಉತ್ತರದ ಸಾರ ಇಷ್ಟು: ಆಳುವವರು ಜನರಿಗೆ ಏನನ್ನೂ ಕಲಿಸದೆ ತಪ್ಪು ಮಾಡಿದಾಗ ಮಾತ್ರ ಕೊಂದರೆ ಅದು ನಿರಪರಾಧಿಗಳನ್ನು ಕೊಂದ ಹಾಗೆ.

ಈ ಕಥೆಯಲ್ಲಿ ಎರಡು ಸಂಗತಿ ಇದೆ. ಶಿಕ್ಷೆಗಿಂತ ತಿಳಿವಳಿಕೆ ದೊಡ್ಡದು ಅನ್ನೋದು ಒಂದು, ಇವತ್ತಿಗೂ ಮನಸ್ಸಿಗೆ ತಟ್ಟೋ ಮಾತು. ಇನ್ನೊಂದನ್ನು ನಾವು ಗಮನಿಸೋದೇ ಇಲ್ಲ. ಆ ಮಗನ ದೂರು ಏನಿತ್ತು? ಕಥೆ ಹೇಳೋದಿಲ್ಲ. ಅಪ್ಪ ದೂರು ಬಿಟ್ಟ, ಮನೆ ಒಂದಾಯಿತು, ಕಥೆ ಮುಗಿಯಿತು. ಮಗನಿಗೆ ಅನ್ಯಾಯ ಆಗಿತ್ತಾ ಅನ್ನೋ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ.

ಮುಂದೆ ಈ ವಿಚಾರ ಸರ್ಕಾರದ ಕೈಗೆ ಬಂತು. ಹಾನ್ ವಂಶದ ವೂ ಚಕ್ರವರ್ತಿ ಕ್ರಿ.ಪೂ. ಎರಡನೇ ಶತಮಾನದಲ್ಲಿ ಕನ್ಫ್ಯೂಷಿಯನ್ ಗ್ರಂಥಗಳನ್ನು ರಾಜ್ಯದ ಓದು ಮಾಡಿದ. ಕ್ರಿ.ಶ. 653ರ ಟಾಂಗ್ ಸಂಹಿತೆಯ ಹೊತ್ತಿಗೆ ಗೌರವ ಅನ್ನೋದು ಕಾಯ್ದೆಯಾಗಿತ್ತು. ಅಪ್ಪ ಅಮ್ಮನ ಮೇಲೆ ಮಕ್ಕಳು ದೂರು ಕೊಟ್ಟರೆ, ಕೆಲವು ಘೋರ ಅಪರಾಧಗಳನ್ನು ಬಿಟ್ಟು, ಕೊರಳು ಬಿಗಿದು ಕೊಲ್ಲುವ ಶಿಕ್ಷೆ. ಮಿಂಗ್ ವಂಶದ ಮೊದಲ ಚಕ್ರವರ್ತಿ 1398ರಲ್ಲಿ ಒಂದು ಆಜ್ಞೆ ಹೊರಡಿಸಿದ. ಜಮೀನು, ಮದುವೆ, ಹೊಡೆದಾಟದಂಥ ಜಗಳಗಳು ಮೊದಲು ಊರ ಹಿರಿಯರ ಮುಂದೆ ಹೋಗಬೇಕು. ಹಿರಿಯರನ್ನು ದಾಟಿ ನೇರ ಅಧಿಕಾರಿ ಹತ್ತಿರ ಹೋದವನಿಗೆ, ದೂರು ನಿಜವಾಗಿದ್ದರೂ, ಶಿಕ್ಷೆ. ನಮ್ಮೂರಲ್ಲಿ ಹಿರಿಯರು ಕೇಳೋ 'ನಮ್ಮನ್ನು ಕೇಳದೆ ಸ್ಟೇಷನ್‌ಗೆ ಯಾಕೆ ಹೋದೆ?' ಅನ್ನೋ ಪ್ರಶ್ನೆಯನ್ನು ಅಲ್ಲಿ ಚಕ್ರವರ್ತಿಯೇ ಕೇಳಿದ್ದ.

ಚೀನಾದಲ್ಲಿ ಜಿಲ್ಲೆಯ ಅಧಿಕಾರಿಗೆ 'ತಾಯ್ತಂದೆ ಅಧಿಕಾರಿ' ಅಂತ ಹೆಸರು. ಜನರ ಪರವಾಗಿ ಅರ್ಜಿ ಬರೆದುಕೊಡುವವರಿಗೆ 'ವ್ಯಾಜ್ಯದ ದೊಣ್ಣೆ' ಅಂತ ಬೈಗುಳ. ಅಧಿಕಾರಿ ಅಪ್ಪ, ವಕೀಲ ಪುಂಡ. ಇಷ್ಟಾದರೂ ಜನ ಕೋರ್ಟಿಗೆ ಹೋಗೋದು ಬಿಡಲಿಲ್ಲ ಅನ್ನೋದು ಮಜಾ. ಸಿಚುವಾನ್ ಸೀಮೆಯ ಬಾ ಕೌಂಟಿಯ ಹಳೇ ಕಚೇರಿ ದಾಖಲೆಗಳು ಉಳಿದುಕೊಂಡಿವೆ. ಚಿಂಗ್ ವಂಶದ ಕಾಲದ ಆ ಕಡತಗಳ ತುಂಬ ಜಮೀನು, ಸಾಲ, ಮದುವೆಯ ಕೇಸುಗಳು. ರೈತರು, ವಿಧವೆಯರು ಕಚೇರಿ ಬಾಗಿಲು ತಟ್ಟಿದ್ದಾರೆ. ಇತಿಹಾಸಕಾರ ಫಿಲಿಪ್ ಹುವಾಂಗ್ ಅವರು ಇಂಥ ಕಡತಗಳನ್ನು ಓದಿ ಹೇಳೋದು ಏನಂದ್ರೆ, ಸಾಮರಸ್ಯದ ಮಾತು ಪುಸ್ತಕದಲ್ಲಿ ಎಷ್ಟೇ ಇರಲಿ, ಕಚೇರಿಯಲ್ಲಿ ಹಕ್ಕಿನ ಲೆಕ್ಕವೂ ನಡೀತಿತ್ತು. ಹಿರಿಯರ ಮಾತಿನಲ್ಲಿ ನ್ಯಾಯ ಸಿಗದವರಿಗೆ ಇನ್ನೊಂದು ಬಾಗಿಲು ಯಾವಾಗಲೂ ಬೇಕಿತ್ತು.

ಈಗ ಒಂದು ಕಾಕತಾಳೀಯ. ಕನ್ಫ್ಯೂಷಿಯನ್ ಚಿಂತನೆಗೆ ಹೊಸ ಜೀವ ಕೊಟ್ಟ ಝು ಷಿ ಹುಟ್ಟಿದ್ದು 1130ರಲ್ಲಿ. ಅಂದರೆ ಅವನೂ ಬಸವಣ್ಣನೂ ಒಂದೇ ಕಾಲದವರು. ಅಲ್ಲಿ ಝು ಷಿ ಮನೆಯ ವಿಧಿಗಳನ್ನು, ಹಿರಿಯ ಕಿರಿಯರ ಸ್ಥಾನಗಳನ್ನು ಚೊಕ್ಕವಾಗಿ ಜೋಡಿಸುವ ಕೆಲಸದಲ್ಲಿದ್ದ. 1313ರಿಂದ 1905ರವರೆಗೆ ಚೀನಾದ ಸರ್ಕಾರಿ ನೌಕರಿಯ ಪರೀಕ್ಷೆಗೆ ಅವನ ವ್ಯಾಖ್ಯಾನವೇ ಆಧಾರ. ಇಲ್ಲಿ ಕಲ್ಯಾಣದಲ್ಲಿ ಶರಣರು ಜೋಡಿಸಿಟ್ಟ ಸ್ಥಾನಗಳನ್ನೇ ಕೆದಕುತ್ತಿದ್ದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು, ಅದಕ್ಕೆ ಹರಳಯ್ಯ ಮಧುವರಸರು ಎಳೆಹೂಟೆಯ ಶಿಕ್ಷೆ ಅನುಭವಿಸಿದರು ಅಂತ ಪರಂಪರೆ ಹೇಳುತ್ತೆ. ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ವಾಪಸ್ ಸುರಿದು ಬಾ ಅಂದವಳು. ಗಂಡ ಮೇಲೆ, ಹೆಂಡತಿ ಕೆಳಗೆ ಅನ್ನೋದು ಕನ್ಫ್ಯೂಷಿಯನ್ ಸಮಾಜದ ಮೂರು ಮುಖ್ಯ ಕಟ್ಟುಗಳಲ್ಲಿ ಒಂದು. ಲಕ್ಕಮ್ಮನಿಗೆ ಆ ಕಟ್ಟಿನೊಳಗೆ ಜಾಗ ಸಿಗ್ತಿರಲಿಲ್ಲ.

ಹಾಗಾದರೆ ನಮ್ಮ ಸೀಮೆಯ ಪಂಚಾಯ್ತಿ ಯಾರ ಮನೆಯದು? ಲಕ್ಕಮ್ಮನದಾ, ಝು ಷಿಯದಾ? ಪ್ರಾಮಾಣಿಕವಾಗಿ ಹೇಳಬೇಕಂದ್ರೆ ಮಾತು ಶರಣರದು, ಕೂರುವ ಕ್ರಮ ಬಹುಪಾಲು ಝು ಷಿಯದು. ನಮ್ಮ ಕಡೆ ಸ್ವಾಮಿಗಳನ್ನು 'ಬುದ್ಧಿ' ಅಂತ ಕರೀತೀವಿ. ಚೀನಾದವರು ಅಧಿಕಾರಿಯನ್ನು ತಾಯ್ತಂದೆ ಅಂದ ಹಾಗೇ ಇದು. ತೀರ್ಪು ಕೊಡುವವರು ನಮಗೆ ಬುದ್ಧಿ ಹೇಳುವವರು, ನಾವು ಹೇಳಿಸಿಕೊಳ್ಳುವವರು.

ಈ ಗೌರವದಿಂದ ಒಳ್ಳೇದು ಆಗಿಲ್ಲ ಅಂತ ಯಾರೂ ಹೇಳೋಕಾಗಲ್ಲ. ಸಿರಿಗೆರೆಯ ಹಿಂದಿನ ಗುರುಗಳಾದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ 1950ರಲ್ಲಿ ತರಳಬಾಳು ಹುಣ್ಣಿಮೆ ಶುರು ಮಾಡಿದ್ದು ಜಗಳೂರಿನಲ್ಲಿ. ವರ್ಷಕ್ಕೊಂದು ಊರಿನಲ್ಲಿ, ಮಾಘ ಹುಣ್ಣಿಮೆಗೆ ಮುಗಿಯುವ ಒಂಬತ್ತು ದಿನದ ಸಭೆ ಅದು. ವಿದ್ವಾಂಸರು, ಮಂತ್ರಿಗಳು, ರೈತರು ಒಂದೇ ಪೆಂಡಾಲಿನಡಿ. ಮುಂದೆ ಅದೇ ಬರದ ಜಗಳೂರಿಗೆ ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಬಂತು. ಅದರ ಬೆನ್ನು ಹತ್ತಿದವರಲ್ಲಿ ಈಗಿನ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಮುಖ್ಯರು. ಪೈಪ್‌ಲೈನಿಗೆ ಒಬ್ಬ ರೈತ ಹೊಲ ಬಿಡಬೇಕು, ಇನ್ನೊಬ್ಬ ಕೆರೆಯಂಗಳದ ಒತ್ತುವರಿ ಬಿಡಬೇಕು ಅಂದಾಗ ಕೋರ್ಟಿನ ನೋಟಿಸಿಗಿಂತ ಹಿರಿಯರ ಒಂದು ಮಾತು ಬೇಗ ಕೆಲಸ ಮಾಡುತ್ತೆ. ಊರಿಗೆಲ್ಲ ಸೇರಿದ ನೀರಿನ ವಿಷಯದಲ್ಲಿ, ಎಲ್ಲರೂ ಹೆಚ್ಚು ಕಡಿಮೆ ಸಮಾನ ರೈತರಾಗಿರುವ ಕಡೆ, 'ಕುಂತು ಮಾತಾಡಾನ' ಅನ್ನೋದಕ್ಕಿಂತ ದೊಡ್ಡ ವಿವೇಕ ಇಲ್ಲ.

ಕೂತವರು ಸಮಾನರಲ್ಲದಾಗ ಮಾತ್ರ ತೊಂದರೆ. ಇದು ಬೆಂಗಳೂರಲ್ಲಿ ಕೂತು ಓದುತ್ತಿರುವ ನಿಮಗೂ ನನಗೂ ನೇರ ಸಂಬಂಧಪಟ್ಟದ್ದು. ಊರಿಂದ ಒಂದು ಫೋನ್ ಬರುತ್ತೆ: 'ಸೋಮವಾರ ಒಂದಿನ ರಜ ಹಾಕಿ ಬಾರವ್ವ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಒಂದು ಸೈನ್ ಐತೆ.' ಪಾಲು ಪಾರೀಖತ್ತು ಆಗಲೇ ಹಿರಿಯರ ಮುಂದೆ ತೀರ್ಮಾನ ಆಗಿರುತ್ತೆ. ಅಣ್ಣತಮ್ಮಂದಿರ ಭಾಗ ಬರೆದಾಗಿದೆ. ಅಕ್ಕತಂಗಿಯರದ್ದು ಹಕ್ಕು ಬಿಡುಗಡೆ. ಬದಲಿಗೆ ಅರಿಶಿನ ಕುಂಕುಮ, ಒಂದು ಸೀರೆ, ಇಷ್ಟು ದುಡ್ಡು. 'ತವರಿನ ಬಾಗಿಲು ಮುಚ್ಚಿಕೊಬೇಡ ಕಣವ್ವ' ಅನ್ನೋ ಮಾತೂ ಜೊತೆಗೆ. ಗದರಿಕೆ ಇಲ್ಲ, ಬೆದರಿಕೆ ಇಲ್ಲ. ಸಾಮರಸ್ಯ ಅಷ್ಟೇ. ಆ ಸಾಮರಸ್ಯದ ಖರ್ಚೆಲ್ಲ ಒಬ್ಬಳ ಲೆಕ್ಕಕ್ಕೆ.

'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಅಂತ ನಮ್ಮ ಗಾದೆ. ಮದುವೆಯಾಗಿ ಹೋದ ಮಗಳು ಚೆಲ್ಲಿದ ನೀರು ಅಂತ ಚೀನಾದ ಗಾದೆ. ಅಲ್ಲಿ 1930ರ ದಶಕದ ಆರಂಭದಲ್ಲೇ ಗಣರಾಜ್ಯದ ನಾಗರಿಕ ಸಂಹಿತೆ ಹೆಣ್ಣುಮಕ್ಕಳಿಗೆ ಸಮಾನ ಉತ್ತರಾಧಿಕಾರ ಕೊಟ್ಟಿತು, 1985ರ ಕಾನೂನು ಅದನ್ನೇ ಮತ್ತೆ ಹೇಳಿತು. ಹಳ್ಳಿಗಳಲ್ಲಿ ಹೆಚ್ಚಿನ ಹೆಣ್ಣುಮಕ್ಕಳು ಕೇಳೋದೇ ಇಲ್ಲ. ನಮ್ಮಲ್ಲೂ ಕಾನೂನಿಗೆ ಬರ ಇಲ್ಲ. ಈ ನಾಲ್ಕೂ ತಾಲ್ಲೂಕಿನ ನೆಲ ಹಳೇ ಮೈಸೂರು ಸಂಸ್ಥಾನದ್ದು. ಹಿಂದೂ ಹೆಣ್ಣುಮಕ್ಕಳಿಗೆ ಕುಟುಂಬದ ಪಾಲಿನಲ್ಲಿ ಸ್ವಲ್ಪವಾದರೂ ಹಕ್ಕು ಕೊಟ್ಟ ಕಾಯ್ದೆಯನ್ನು ಮೈಸೂರು 1933ರಲ್ಲೇ ಮಾಡಿತ್ತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮಗಳನ್ನು ಮಗನಷ್ಟೇ ಹಕ್ಕುದಾರಳನ್ನಾಗಿ ಮಾಡಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದು ಹುಟ್ಟಿನಿಂದಲೇ ಬರುವ ಹಕ್ಕು, 2005ರಲ್ಲಿ ಅಪ್ಪ ಬದುಕಿದ್ದಿರಲೇಬೇಕು ಅಂತೇನಿಲ್ಲ ಅಂದಿತು. ಬಾಯಿಮಾತಿನ ಪಾಲನ್ನು ಸುಲಭಕ್ಕೆ ಒಪ್ಪಬಾರದು, ಸಾರ್ವಜನಿಕ ದಾಖಲೆಯ ಬೆಂಬಲ ಬೇಕು ಅಂತಲೂ ಹೇಳಿತು. 87 ವರ್ಷದ ಈ ದಾರಿಯಲ್ಲಿ ಹಿರಿಯರ ಕಟ್ಟೆ ಮುಂದೆ ನಿಂತು ದಾರಿ ತೋರಿಸಿತಾ, ಹಿಂದೆ ಎಳೆಯಿತಾ ಅನ್ನೋದನ್ನು ಪ್ರತಿ ಮನೆಯವರೂ ತಮ್ಮ ತಮ್ಮ ಪಹಣಿ ತೆಗೆದು ನೋಡಿಕೊಂಡರೆ ಸಾಕು.

ಇದಕ್ಕೆ 'ಹಾಗಾದರೆ ಎಲ್ಲಾ ಕೋರ್ಟಿಗೇ ಹೋಗಬೇಕಾ?' ಅಂತ ನೀವು ಕೇಳಬಹುದು. ಸಿವಿಲ್ ಕೇಸು ಒಂದು ತಲೆಮಾರು ಎಳೆಯೋದನ್ನು ಕಂಡವರು ಹಾಗೆ ಹೇಳಲಾರರು. ಕೋರ್ಟುಗಳೇ ಈಗ ರಾಜಿಯ ಕಡೆ ತಿರುಗಿವೆ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ಇದೆ, ಲೋಕ ಅದಾಲತ್ ಎಲ್ಲರಿಗೂ ಗೊತ್ತು, 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಊರಿನವರ ಸಮಿತಿ ಕೂತು ಜಗಳ ಬಗೆಹರಿಸುವುದಕ್ಕೂ ಅವಕಾಶ ಇದೆ. ಸಮಿತಿಯಲ್ಲಿ ಮೂವರು, ಎರಡೂ ಕಡೆಯವರ ಒಪ್ಪಿಗೆ ಮೊದಲೇ ಬೇಕು, ಆದ ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯ ಬಲ ಇಲ್ಲ. ಚೀನಾವೂ 2010ರಲ್ಲಿ ಜನಮಧ್ಯಸ್ಥಿಕೆಗೆ ಪ್ರತ್ಯೇಕ ಕಾನೂನು ಮಾಡಿಕೊಂಡಿತು. ಕನ್ಫ್ಯೂಷಿಯಸ್‌ನನ್ನು 1970ರ ದಶಕದಲ್ಲಿ ಬೀದಿಬೀದಿಯಲ್ಲಿ ಬೈಸಿದ ಅದೇ ಪಕ್ಷದ ಸರ್ಕಾರ ಈಗ ಅವನ ಸಾಮರಸ್ಯವನ್ನು ಹೊಗಳುತ್ತೆ. ಜಗಳ ಊರಲ್ಲೇ ತಣ್ಣಗಾದರೆ ಆಳುವವರಿಗೂ ತಲೆನೋವು ಕಡಿಮೆ, ಅದನ್ನೂ ಮರೆಯಬಾರದು.

ಒಂದು ಒಳ್ಳೇ ಮಾದರಿ ನಿಮ್ಮ ಆಫೀಸಿನಲ್ಲೇ ಇದೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ರಾಜಿಯನ್ನು ಪೂರ್ತಿ ಬೇಡ ಅನ್ನಲಿಲ್ಲ. ಆದರೆ ರಾಜಿ ಬೇಕು ಅಂತ ದೂರು ಕೊಟ್ಟ ಹೆಣ್ಣುಮಗಳೇ ಕೇಳಬೇಕು, ಸಮಿತಿ ಮುಂದಾಗಿ ಒತ್ತಾಯ ಮಾಡುವ ಹಾಗಿಲ್ಲ. ರಾಜಿಗೆ ದುಡ್ಡು ಆಧಾರ ಆಗಬಾರದು. ಸಮಿತಿಯಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಅಧ್ಯಕ್ಷೆ ಹೆಣ್ಣಾಗಿರಬೇಕು, ಸಂಸ್ಥೆಗೆ ಸಂಬಂಧಪಡದ ಹೊರಗಿನವರೊಬ್ಬರು ಇರಬೇಕು. ಕನ್ಫ್ಯೂಷಿಯಸ್‌ನ ಕಥೆ ಕೇಳದೇ ಬಿಟ್ಟ ಪ್ರಶ್ನೆಯನ್ನು ಈ ಕಾಯ್ದೆ ಮೊದಲೇ ಕೇಳುತ್ತೆ: ಬಲ ಇಲ್ಲದವರು ಏನು ಹೇಳಬೇಕು ಅಂತ ಬಂದಿದ್ದಾರೆ?

ಪಾಲಿನ ಪಂಚಾಯ್ತಿಗೂ ಇದೇ ಅಳತೆ ಇಡಬಹುದು. ಅಕ್ಕತಂಗಿಯರು ಸೈನ್ ಹಾಕೋ ದಿನ ಬರೋದಲ್ಲ, ಮಾತು ಶುರುವಾಗೋ ದಿನವೇ ಬಂದು ಕೂರಬೇಕು. ಹಿರಿಯರ ಸಾಲಿನಲ್ಲಿ ಹೆಂಗಸರೂ ಇರಬೇಕು, ತಾಂಡಾದಲ್ಲೂ ಅಷ್ಟೇ, ಮಠದ ಅಂಗಳದಲ್ಲೂ ಅಷ್ಟೇ. ಕಾನೂನಿನ ಪ್ರಕಾರ ಯಾರಿಗೆ ಎಷ್ಟು ಬರುತ್ತೆ ಅನ್ನೋದನ್ನು ಮೊದಲು ಗಟ್ಟಿಯಾಗಿ ಓದಿ ಹೇಳಬೇಕು. ಬಿಟ್ಟುಕೊಡೋದಾದರೆ ಏನು ಬಿಟ್ಟುಕೊಡ್ತಿದ್ದೀವಿ ಅಂತ ಗೊತ್ತಿದ್ದು ಬಿಟ್ಟುಕೊಡಲಿ. ಒಪ್ಪದೆ ಎದ್ದು ಕೋರ್ಟಿಗೆ ಹೋದವಳನ್ನು ಮನೆತನ ಕೆಡಿಸಿದವಳು ಅನ್ನಬಾರದು.

ಇಷ್ಟು ಕೇಳಿದರೆ ಹಿರಿಯರ ಗೌರವ ಕಡಿಮೆಯಾಗುತ್ತೆ ಅಂತ ನನಗೆ ಅನ್ನಿಸೋದಿಲ್ಲ. ಗಂಡನ ಮಡಿಲಿನ ಅಕ್ಕಿ ನೋಡಿ ಇದು ಜಾಸ್ತಿ ಆಯ್ತು ಅಂದ ಲಕ್ಕಮ್ಮನನ್ನು ನಾವೇ ತಾನೇ ಎಂಟುನೂರು ವರ್ಷದಿಂದ ಪೂಜಿಸ್ತಾ ಬಂದಿರೋದು. ಮುಂದಿನ ಸಲ ಊರಿಂದ ಫೋನ್ ಬಂದಾಗ ರಜೆ ಹಾಕಿ ಹೋಗಿ. ಸೈನ್ ಹಾಕೋ ಮುಂಚೆ ಪಹಣಿ ಓದಿ, ನಿಮ್ಮ ಅಕ್ಕನಿಗೂ ಓದಿ ಹೇಳಿ. ಆಮೇಲೆ ಎಲ್ಲರೂ ಕುಂತು ಮಾತಾಡಾನ.